ಅಸೋಕ ಅಂದರೆ ತಪ್ಪಾ?

ನಾಯಕನಹಟ್ಟಿ ತೇರಿನ ದಿನ ಜನಜಂಗುಳಿ ಮಧ್ಯೆ ನಿಂತು ‘ಏ ತಿಪ್ಪೇಸ್ವಾಮೀ’ ಅಂತ ಒಂದು ಸಲ ಕೂಗಿ ನೋಡಿ. ಕಡಿಮೆ ಅಂದ್ರೂ ಇಪ್ಪತ್ತು ತಲೆ ತಿರುಗ್ತಾವೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ, ತಿಪ್ಪೇಶ, ತಿಪ್ಪೇರುದ್ರಪ್ಪ ಇಲ್ಲದ ಊರು ಹುಡುಕೋದು ಕಷ್ಟ. ಎಲ್ಲಾ ಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರುಗಳೇ. ಜೊತೆಗೆ ಓಬಯ್ಯ, ಓಬಳೇಶ, ಬೋರಯ್ಯ, ನುಂಕೆಮಲೆ ಸಿದ್ದೇಶ್ವರನ ಕಡೆಯ ನುಂಕಪ್ಪ, ಗೌರಸಮುದ್ರ ಮಾರಮ್ಮನ ಹೆಸರಿನ ಮಾರಕ್ಕ, ಮಾರಣ್ಣ. ಈ ಹೆಸರುಗಳನ್ನ ಹೇಳೋಕೆ ನಮ್ಮ ಕಡೆ ಯಾರೂ ತಡವರಿಸಲ್ಲ.

ಇದೇ ತಿಪ್ಪೇಸ್ವಾಮಿ ಬೆಂಗಳೂರಿಗೆ, ಅಲ್ಲಿಂದ ಪುಣೆಗೋ ನೋಯ್ಡಾಗೋ ಹೋದ ಅನ್ನಿ. ದಕ್ಷಿಣದ ನಾವು ‘ತ’ ಬರೆಯೋಕೆ ಇಂಗ್ಲಿಷಿನಲ್ಲಿ ಟಿ ಪಕ್ಕ ಎಚ್ ಹಾಕ್ತೀವಿ. ಉತ್ತರದವರಿಗೆ ಬರೀ ಟಿ ಸಾಕು, ಎಚ್ ಕಂಡರೆ ಅದು ‘ಥ’. ಹಾಗಾಗಿ ಎಚ್ ಹಾಕಿದರೆ ಅಲ್ಲಿಯವರು ಥಿಪ್ಪೇಸ್ವಾಮಿ ಅಂತಾರೆ, ಬಿಟ್ಟರೆ ನಮ್ಮವರೇ ಟಿಪ್ಪೇಸ್ವಾಮಿ ಅಂತ ಓದ್ತಾರೆ. ಇದು ಕಂಪ್ಯೂಟರ್ ಕಾಲದ ಗೋಳು ಮಾತ್ರ ಅಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರನ್ನೂ ತ.ರಾ.ಸು. ಅವರನ್ನೂ ನೆನಪು ಮಾಡ್ಕೊಳ್ಳಿ. ಇಬ್ಬರ ಮೊದಲ ಅಕ್ಷರವೂ ತಳುಕೇ. ಒಬ್ಬರಲ್ಲಿ ಅದು ಇಂಗ್ಲಿಷಿಗೆ ಹೋಗಿ ವಾಪಸ್ಸು ಬರುವಷ್ಟರಲ್ಲಿ ‘ಟ’ ಆಗಿತ್ತು, ಇನ್ನೊಬ್ಬರಲ್ಲಿ ‘ತ’ ಆಗಿಯೇ ಉಳೀತು. ಕನ್ನಡದ ಮೊದಲ ಸಾಲಿನ ಮೇಷ್ಟ್ರ ಊರಿನ ಹೆಸರನ್ನ ನಾವು ನೂರು ವರ್ಷದಿಂದ ಟಳುಕು ಮಾಡಿಕೊಂಡು ಬಂದಿದ್ದೀವಿ, ಯಾರಿಗೂ ಏನೂ ಅನ್ನಿಸಿಲ್ಲ.

ನಿಜ ಹೇಳಬೇಕಂದ್ರೆ, ಥಿಪ್ಪೇಸ್ವಾಮಿ ಅನ್ನಿಸಿಕೊಂಡಾಗ ಅಷ್ಟೇನೂ ನೋವಾಗಲ್ಲ. ಹೊರಗಿನವನ ನಾಲಿಗೆ, ಗೊತ್ತಿಲ್ಲದೆ ಎಡವುತ್ತೆ. ನೋವು ಮಾಡೋದು ಹೆಸರನ್ನ ಸರಿಯಾಗೇ ಉಚ್ಚರಿಸಿ ನಗುವ ಕನ್ನಡದವರು. ‘ತಿಪ್ಪೆನಾ? ಗೊಬ್ಬರದ ತಿಪ್ಪೆನಾ?’ ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳದ ನಮ್ಮ ಕಡೆ ಹುಡುಗರು ಕಡಿಮೆ. ಹೌದು, ಗೊಬ್ಬರದ ತಿಪ್ಪೆಯೇ. ಮಳೆ ಕಾಣದ ಈ ಸೀಮೆಯಲ್ಲಿ ಹೊಲಕ್ಕೆ ಹೊಡೆಯೋ ತಿಪ್ಪೆಗೊಬ್ಬರ ಇಲ್ಲದೆ ಶೇಂಗಾ ಹೇಗೆ ಬರುತ್ತೆ? ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಕೈಬಿಟ್ಟು ಹೋದ ಮನೆಗಳಲ್ಲಿ ಮುಂದಿನ ಕೂಸನ್ನ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ಗುಂಡ, ಕಲ್ಲ ಅಂತ ಹೆಸರಿಡೋ ಪದ್ಧತಿ ನಮ್ಮ ನಾಡಿನಲ್ಲಿತ್ತು. ಇದು ಬೇಡವಾದದ್ದು ಅಂದ್ಕೊಂಡು ಸಾವು ಮುಂದೆ ಹೋಗಲಿ ಅಂತ. ಅಂಥ ಹೆಸರಿನ ಹಿಂದೆ ಒಬ್ಬ ತಾಯಿಯ ಎದೆ ನಡುಕ ಇದೆ. ನಗುವವನಿಗೆ ಅದು ಗೊತ್ತಿಲ್ಲ, ನಗಿಸಿಕೊಂಡವನು ವಿವರಿಸೋಕೆ ಹೋಗಲ್ಲ. ಅವನು ತನ್ನ ಮಗನಿಗೆ ಬೇರೆ ಹೆಸರು ಇಡ್ತಾನೆ, ಅಷ್ಟೆ.

ಹಾಗೆ ಬಂದವೇ ಈಗಿನ ಋತ್ವಿಕ್, ಧೃತಿ, ಹೃದಾನ್, ಶ್ರೇಷ್ಠ.

ನನ್ನ ಅಕ್ಕನ ಮಗಳು ಬೆಂಗಳೂರಲ್ಲಿರೋದು. ಬಾಣಂತನಕ್ಕೆ ಚಳ್ಳಕೆರೆಗೆ ಬಂದಳು. ಹೆಣ್ಣು ಕೂಸು. ಗಂಡ ಹೆಂಡತಿ ಸೇರಿ ‘ಹೃಷಿಕಾ’ ಅಂತ ಆರಿಸಿದ್ದರು. ಆರಿಸೋ ಮುಂಚೆ ಬಹಳ ಯೋಚನೆ ನಡೆದಿತ್ತು. ನಾಳೆ ಅಮೆರಿಕಕ್ಕೆ ಹೋದರೆ ಅಲ್ಲಿಯವರು ಹೇಳ್ತಾರಾ? ಇಂಗ್ಲಿಷಿನಲ್ಲಿ ಆರ್ ಮುಂದೆ ಎಚ್ ಬೇಕಾ, ಬೇಡವಾ? ಫೋನಿಗೆ ಹೇಳಿ ಅದು ಏನು ಬರಕೊಳ್ಳುತ್ತೆ ಅಂತ ಕೂಡ ಪರೀಕ್ಷೆ ಮಾಡಿದ್ದರು. ಎಲ್ಲಾ ಬಾಯಿಗಳನ್ನೂ ಲೆಕ್ಕಕ್ಕೆ ತಗೊಂಡಿದ್ದರು, ಮನೆಯಲ್ಲಿದ್ದ ಬಾಯಿ ಒಂದನ್ನ ಬಿಟ್ಟು. ನಮ್ಮಕ್ಕ ಎಣ್ಣೆ ನೀರು ಹಾಕ್ತಾ ‘ರುಸಿಕಾ, ನನ್ನವ್ವ ರುಸಿಕಾ’ ಅಂದ್ಳು. ಮಗಳು ಒಳಗಿನಿಂದಲೇ ‘ಅಮ್ಮಾ, ರುಸಿಕಾ ಅಲ್ಲ, ಹೃಷಿಕಾ’ ಅಂದ್ಳು. ಅಕ್ಕ ಇನ್ನೊಂದು ಸಲ ಪ್ರಯತ್ನ ಮಾಡಿದಳು. ಮಗಳು ಇನ್ನೊಂದು ಸಲ ತಿದ್ದಿದಳು, ಮುದ್ದಾಗೇ, ನಗ್ತಾನೇ. ಅವತ್ತಿಂದ ಅಕ್ಕ ಆ ಕೂಸನ್ನ ಹೆಸರು ಹಿಡಿದು ಕರೆಯೋದು ನಿಲ್ಲಿಸಿಬಿಟ್ಟಳು. ‘ಏ ಕೂಸೇ’ ಅಂತಾಳೆ. ಕೇಳಿದರೆ, ‘ನಂಗೆ ಅದು ಬರಂಗಿಲ್ಲ ಬಿಡಪ್ಪ’ ಅಂತಾಳೆ.

ನನಗೆ ಕಾಡೋದು ಇದು. ಆ ಮಗು ಮೂರು ವರ್ಷಕ್ಕೆ ಶಾಲೆಗೆ ಹೋಗುತ್ತೆ. ಅಲ್ಲಿ ಮಿಸ್ಸು ಹೃಷಿಕಾ ಅಂತಾರೆ, ರಜಕ್ಕೆ ಬಂದಾಗ ಅಜ್ಜಿ ರುಸಿಕಾ ಅಂತಾಳೆ. ಮಕ್ಕಳು ಜಾಣರು, ಬೇಗ ಲೆಕ್ಕ ಹಾಕ್ತಾವೆ: ಮಿಸ್ಸು ಸರಿ, ಅಜ್ಜಿ ತಪ್ಪು. ಅಜ್ಜಿಗೆ ತಪ್ಪೇ ಬರೋದು ಅನ್ನೋ ತೀರ್ಮಾನ ಮಗುವಿನ ಮನಸ್ಸಿನಲ್ಲಿ ಮೊಟ್ಟಮೊದಲು ಕೂರೋದು ಅದರ ಸ್ವಂತ ಹೆಸರಿನ ಮೇಲೆ. ಆಮೇಲೆ ಅದು ಹೆಸರಿನಲ್ಲೇ ನಿಲ್ಲುತ್ತಾ? ಅಜ್ಜಿಯ ಊಟ, ಅಜ್ಜಿಯ ಸೀರೆ, ಅಜ್ಜಿಯ ಮಾತು, ಹೀಗೆ ಮುಂದುವರಿಯುತ್ತೆ. ಇದನ್ನ ಯಾರೂ ಬೇಕಂತ ಮಾಡಲ್ಲ.

ಹಾಗಾದ್ರೆ ಅಕ್ಕ ಹೇಳಿದ್ದು ತಪ್ಪೇ ತಾನೇ ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೇ ಇದೆ.

ಅಶೋಕ ಸಿದ್ದಾಪುರದ ಸುತ್ತಮುತ್ತ ಮೂರು ಕಡೆ, ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ, ಅಶೋಕನ ಶಾಸನಗಳಿದ್ದಾವೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅಂತ ಬರೆಸಿದ್ದಾನೆ. ಆದರೆ ಇಲ್ಲಿ ಅವನ ಹೆಸರಿಲ್ಲ, ‘ದೇವಾನಂಪಿಯ’ ಅನ್ನೋ ಬಿರುದು ಮಾತ್ರ. ಹೆಸರು ಮೊದಲು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ಕೆತ್ತಿರೋದು ಅಶೋಕ ಅಂತ ಅಲ್ಲ, ‘ಅಸೋಕ’ ಅಂತ. ಸನ್ನತಿ ಹತ್ತಿರದ ಕನಗನಹಳ್ಳಿಯ ಶಿಲ್ಪದ ಕೆಳಗೂ ‘ರಾಯೊ ಅಸೋಕೊ’ ಅಂತಲೇ ಇದೆ. ಆ ಪ್ರಾಕೃತದಲ್ಲಿ ಶಕಾರ ಇರಲಿಲ್ಲ. ಅಂದ್ರೆ ಅಷ್ಟು ದೊಡ್ಡ ರಾಜನ ಹೆಸರು ಅವನ ಸ್ವಂತ ಶಾಸನದಲ್ಲೇ, ಇವತ್ತಿನ ಮೇಷ್ಟ್ರು ಕೆಂಪು ಪೆನ್ನಲ್ಲಿ ಸುತ್ತು ಹಾಕೋ ಹಾಗಿದೆ. ನಮ್ಮ ಹಳ್ಳಿಗಳಲ್ಲಿ ಅವ್ವಂದಿರು ‘ಅಸೋಕಾ, ಬಾರೋ ಉಣ್ಣಾಕೆ’ ಅಂತ ಕೂಗ್ತಾರಲ್ಲ, ಅವರು ಚಕ್ರವರ್ತಿಯ ಶಾಸನದ ಪ್ರಕಾರವೇ ಕೂಗ್ತಿದ್ದಾರೆ.

ಬ್ರಹ್ಮಗಿರಿಯಲ್ಲಿ ಇನ್ನೊಂದು ತಮಾಷೆ ಇದೆ. ಶಾಸನ ಬರೆದ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿದ್ದಾನೆ. ‘ಲಿಪಿಕಾರನಿಂದ’ ಅನ್ನೋದನ್ನ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಂದಲೋ ಬಂದವನು, ನಮ್ಮ ಕಲ್ಲಿನ ಮೇಲೆ ತನ್ನ ಗುರುತು ಬಿಡಬೇಕು ಅನ್ನಿಸಿರಬೇಕು. ಅವನ ಹೆಸರು ಚಪಡ ಅಂತ ಕೆಲವರು ಓದ್ತಾರೆ. ಇಲ್ಲ, ‘ಚ’ ಅಂದ್ರೆ ‘ಮತ್ತು’, ಹೆಸರು ಬರೀ ಪಡ ಅಂತ ಇನ್ನು ಕೆಲವರು. ತನ್ನ ಹೆಸರನ್ನ ತಾನೇ ಬರೆದವನ ಗತಿಯೇ ಇದು.

ಶ ಹೋಗಿ ಸ ಆಗೋದು, ಮಹಾಪ್ರಾಣ ಇಳಿಯೋದು ಕನ್ನಡದ ನಾಲಿಗೆಯ ಹಳೇ ದಾರಿ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಅಂತ ಒಂದು ಭಾಗವನ್ನೇ ಇಟ್ಟು ಇದಕ್ಕೆ ನಿಯಮ ಬರೆದ. (ಅವನ ಹೆಸರನ್ನ ಕೇಸಿರಾಜ ಅಂತ ಬರೆಯೋರೂ ಇದ್ದಾರೆ!) ನಮ್ಮ ಕಾಲದಲ್ಲಿ ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ತಮ್ಮ ಹೆಸರಿನ ಭಟ್ಟನ್ನೇ ‘ಬಟ್’ ಅಂತ ಬರೆದುಕೊಂಡರು. 2023ರಲ್ಲಿ ತೀರಿಕೊಂಡರು. ಅವರ ವಾದವನ್ನ ಪೂರ್ತಿ ಒಪ್ಪದಿದ್ದರೂ ಪರವಾಗಿಲ್ಲ, ಆದರೆ ಒಬ್ಬ ಮನುಷ್ಯ ತನ್ನ ಹೆಸರನ್ನ ಹೀಗೇ ಬರೀರಿ ಅಂದಮೇಲೂ ಅದನ್ನ ‘ತಿದ್ದಿ’ ಭಟ್ ಅಂತ ಬರೆಯೋದು ನನಗೆ ಸೊಕ್ಕು ಅನ್ನಿಸುತ್ತೆ.

ಇನ್ನು ಓಬಳ. ಅಹೋಬಲ ಅನ್ನೋದನ್ನ ಜನರ ಬಾಯಿ ತಿರುಗಿಸಿ ತಿರುಗಿಸಿ ಓಬಳ, ಓಬಯ್ಯ, ಓಬಣ್ಣ, ಓಬವ್ವ ಮಾಡಿತು. ಚಿತ್ರದುರ್ಗದ ಪಾಳೇಗಾರರಲ್ಲೂ ಓಬಣ್ಣ ನಾಯಕ ಇದ್ದಾನೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಒನಕೆ ಓಬವ್ವನ ಜಯಂತಿ ಮಾಡ್ತಿದೆ. ಅವಳನ್ನ ಈಗ ಯಾರಾದ್ರೂ ‘ಅಹೋಬಲಾಂಬಾ’ ಅಂತ ಸರಿಪಡಿಸ್ತೀನಿ ಅಂತ ಹೋದರೆ ದುರ್ಗದ ಜನ ಬಿಡ್ತಾರಾ?

ಇಷ್ಟು ಹೇಳಿದ್ದಕ್ಕೆ ಎಲ್ಲರೂ ಮತ್ತೆ ತಿಪ್ಪಮ್ಮ ಅಂತಲೇ ಇಡಬೇಕು ಅಂತ ನಾನು ಹೇಳ್ತಿಲ್ಲ. ಹೆಸರು ಇಡೋರು ನಾವು, ಹೊರೋದು ಮಗು. ನಮ್ಮ ಅಭಿಮಾನದ ಬಾಡಿಗೆಯನ್ನ ಅದು ಇಪ್ಪತ್ತು ವರ್ಷ ಹಾಸ್ಟೆಲಿನಲ್ಲಿ ಕಟ್ಟಬೇಕು ಅನ್ನೋದು ನ್ಯಾಯವಲ್ಲ. ಹಾಗಂತ ಅಪರಿಚಿತರಿಗೆ ಸುಲಭವಾಗಲಿ ಅಂತ ಎರಡಕ್ಷರದ, ಯಾವ ಊರಿನದೂ ಅಲ್ಲದ ಹೆಸರು ಹುಡುಕೋದನ್ನೂ ನಾನು ಒಪ್ಪಲ್ಲ. ಅಪರಿಚಿತರು ಕಲೀತಾರೆ, ಮನಸ್ಸಿದ್ದರೆ. ಆರ್‌ಸಿಬಿ ಕ್ಯಾಪ್ಟನ್ ಆಗಿದ್ದಾಗ ಡು ಪ್ಲೆಸಿ ಹೆಸರನ್ನ ನಮ್ಮ ಟೀ ಅಂಗಡಿ ಹುಡುಗರು ಎಷ್ಟು ಸಲೀಸಾಗಿ ಹೇಳ್ತಿದ್ದರು! ಕೊನೆಯ ಎಸ್ ನುಂಗಬೇಕು ಅಂತ ಅವರಿಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಇಷ್ಟಪಟ್ಟರು, ಕಲಿತರು. ನಮ್ಮಕ್ಕನಿಗೆ ಬರದಿರೋದು ಬೇರೆ, ಓಬಳೇಶನನ್ನ ವರ್ಷಗಟ್ಟಲೆ ಪಕ್ಕದಲ್ಲಿ ಕೂರಿಸಿಕೊಂಡೂ ‘ಓಬಿ’ ಅನ್ನೋ ಮ್ಯಾನೇಜರಿಗೆ ಬೇಡವಾಗಿರೋದು ಬೇರೆ. ಅಕ್ಕ ಎರಡು ಸಲ ಪ್ರಯತ್ನಪಟ್ಟಳು. ಅವನು ಒಂದು ಸಲವೂ ಪಡಲಿಲ್ಲ.

ಕಾಗದಪತ್ರದ ಮಾತು ಬೇರೆ. ಅಲ್ಲಿ ಪ್ರೀತಿ, ನಾಲಿಗೆ ಯಾವುದೂ ನಡೆಯಲ್ಲ, ಅಕ್ಷರಕ್ಕೆ ಅಕ್ಷರ ಕೂಡಬೇಕು. ಐಸ್‌ಲ್ಯಾಂಡಿನಲ್ಲಿ ಹೊಸ ಹೆಸರು ತಮ್ಮ ವ್ಯಾಕರಣಕ್ಕೆ, ಬರವಣಿಗೆಗೆ ಹೊಂದುತ್ತಾ ಅಂತ ನೋಡೋಕೆ 1991ರಿಂದ ಒಂದು ಸಮಿತಿಯೇ ಇದೆ. ನಮ್ಮಲ್ಲಿ ಆ ಕೆಲಸ ಡೇಟಾ ಎಂಟ್ರಿ ಮಾಡೋನ ಬೆರಳಿನದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಸಿಗೋದು ಎರಡೇ ಸಲ. ಹಾಗಾಗಿ ಕನ್ನಡದಲ್ಲಿ ಏನು, ಇಂಗ್ಲಿಷಿನಲ್ಲಿ ಏನು, ಎಚ್ ಎಲ್ಲಿ, ಇನಿಶಿಯಲ್ ಮುಂದೋ ಹಿಂದೋ, ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದಿಟ್ಟು ಎಲ್ಲಾ ಕಡೆ ಅದನ್ನೇ ಕೊಡೋದು ಹೆತ್ತವರ ಕೆಲಸ. ಕಷ್ಟದ ಹೆಸರು ಇಟ್ಟವರಿಗಂತೂ ಇದು ಸಾಲ ಇದ್ದ ಹಾಗೆ, ತೀರಿಸಲೇಬೇಕು.

ಪುಣ್ಯಕ್ಕೆ, ಜನನ ನೋಂದಣಿ ಕಾಯ್ದೆಯಲ್ಲಿ ಉಸಿರಾಡೋಕೆ ಜಾಗ ಇದೆ. ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು, ಹನ್ನೆರಡು ತಿಂಗಳೊಳಗೆ ಹೆಸರು ಬರೆಸಿದರೆ ಶುಲ್ಕ ಇಲ್ಲ. ತಡವಾದರೆ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೂ ಬರೆಸಬಹುದು. ಅಕ್ಕನ ಮೊಮ್ಮಗಳಿಗೆ ಈಗ ಏಳು ತಿಂಗಳು. ಮನೆಯಲ್ಲಿ ಹೃಷಿಕಾ ಅಂದ್ರೂ ಕಾಗದದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇತ್ತು. ಒಂದು ಸಂಜೆ ಫೋನಿನಲ್ಲಿ ಇದನ್ನೆಲ್ಲ ಅವಳಪ್ಪ ಅಮ್ಮನಿಗೆ ಹೇಳಿದೆ. ಅಳಿಯ ಸುಮ್ಮನಿದ್ದ. ಅಕ್ಕನ ಮಗಳು ಸ್ವಲ್ಪ ಹೊತ್ತಾದ ಮೇಲೆ, ‘ಅಮ್ಮ ಕೂಸೇ ಅಂತ ಕರೆಯೋದು ಪ್ರೀತಿಗೆ ಅಂದ್ಕೊಂಡಿದ್ದೆ ಮಾವ’ ಅಂದಳು.

ಈಗ ಹೊಸ ಪಟ್ಟಿ ಶುರುವಾಗಿದೆ. ಐದು ಹೆಸರು ಬರೆದು ಅಕ್ಕನ ಕೈಲಿ ಫೋನಿನಲ್ಲಿ ಜೋರಾಗಿ ಹೇಳಿಸಿದ್ದಾರೆ, ದಾವಣಗೆರೆಯ ಬೀಗಿತ್ತಿಯ ಕೈಲೂ ಹೇಳಿಸಿದ್ದಾರೆ. ಅಕ್ಕನಿಗೆ ಮೂರು ಹಿಡಿಸಿದಾವೆ, ಬೀಗಿತ್ತಿಗೆ ಬೇರೆ ಎರಡು. ಹೃಷಿಕಾ ಕೂಡ ಪಟ್ಟಿಯಲ್ಲೇ ಇದೆ. ‘ರುಸಿಕಾ ಅಂದ್ರೂ ನಡೀತೈತೇನು?’ ಅಂತ ಅಕ್ಕ ಮೊನ್ನೆ ನನ್ನನ್ನ ಕೇಳಿದಳು. ಇನ್ನೂ ಐದು ತಿಂಗಳು ಟೈಮಿದೆ.