ಗರ್ಭಿಣಿಯ ಲೋಟವೂ ಮನೆಯವರ ಹೊಣೆಯೂ

ಒಂದು ಲೋಟ ಕಾಫಿಯಲ್ಲಿ ಧರ್ಮಾಧರ್ಮಗಳ ವಿಚಾರವೇನಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅದು ಹೆಂಡವಲ್ಲ, ಗಾಂಜಿಯಲ್ಲ. ಬಂದವರಿಗೆ ತೋರಿಸುವ ಮರ್ಯಾದೆ, ದಣಿದವರಿಗೆ ಸಿಕ್ಕುವ ಸಮಾಧಾನ. ನಾನೂ ಹೀಗೆಯೇ ಎಣಿಸಿಕೊಂಡಿದ್ದೆನು. ಆದರೆ ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯು ನನ್ನನ್ನು ಯೋಚನೆಗೆ ಹಚ್ಚಿತು.

ಅಲ್ಲಿ ಒಬ್ಬ ಸೊಸೆಗೆ ಮೂರನೆಯ ತಿಂಗಳಲ್ಲಿ ಗರ್ಭವು ಇಳಿದುಹೋಯಿತು. ನಾನು ಸಮಾಧಾನ ಹೇಳುವದಕ್ಕೆ ಹೋದಾಗ ಅತ್ತೆಯು ನಡುಮನೆಯಲ್ಲಿ ಕೂತುಕೊಂಡು, "ದಿನಕ್ಕೆ ಐದು ಸಾರಿ ಕಾಫಿ ಟೀ ಕುಡಿದು ಕೂಸನ್ನು ತಾನೇ ಕಳಕೊಂಡಳು, ಅಯ್ಯನವರೇ," ಅಂದಳು. ಸೊಸೆಯು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಆಕೆಯು ತಿರುಗದೆಯೇ, "ಅದು ನಿಜವೋ, ಅಯ್ಯನವರೇ?" ಎಂದು ಕೇಳಿದಳು. ನನ್ನ ಬಳಿಯಲ್ಲಿ ಉತ್ತರವಿರಲಿಲ್ಲ. ಪ್ರಾರ್ಥನೆ ಮಾಡಿ ಹಿಂದಿರುಗಿದೆನು. ಆಮೇಲೆ ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನೂ ಅದರಿಂದ ನನ್ನ ಮನಸ್ಸಿಗೆ ತೋಚಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಸಂಗತಿಗಳನ್ನು ತಿಳಿಯೋಣ. ಕಾಫಿಯಲ್ಲಿಯೂ ಟೀಯಲ್ಲಿಯೂ ಕೆಫೀನ್ ಎಂಬ ವಸ್ತುವು ಅಡಗಿದೆ. ನಿದ್ದೆಯನ್ನು ಓಡಿಸುವದೂ ದಣಿವನ್ನು ಮರೆಸುವದೂ ಅದರ ಗುಣ. ತಾಯಿಯು ಕುಡಿದ ಕೆಫೀನು ಆಕೆಯ ರಕ್ತದಲ್ಲಿ ಸೇರಿ, ಮಾಸನ್ನು ತಡೆಯಿಲ್ಲದೆ ದಾಟಿ, ಕೂಸಿನ ರಕ್ತಕ್ಕೂ ಹೋಗುತ್ತದೆ. ದೊಡ್ಡವರ ಪಿತ್ತಜನಕಾಂಗವು ಅದನ್ನು ಕರಗಿಸಿಬಿಡುತ್ತದೆ; ಗರ್ಭದಲ್ಲಿರುವ ಕೂಸಿಗೆ ಆ ಶಕ್ತಿಯು ಇನ್ನೂ ಬಂದಿರುವದಿಲ್ಲ. ಇದಲ್ಲದೆ ಬಸುರಿಯ ದೇಹವೂ ಆ ಕೆಲಸದಲ್ಲಿ ನಿಧಾನವಾಗುತ್ತದೆ. ಬೇರೆ ಕಾಲದಲ್ಲಿ ಸುಮಾರು 5 ತಾಸಿನೊಳಗೆ ಅರ್ಧಕ್ಕೆ ಇಳಿಯುವ ಕೆಫೀನು, ದಿನ ತುಂಬುತ್ತಿರುವ ತಿಂಗಳುಗಳಲ್ಲಿ ಹಾಗೆ ಇಳಿಯಬೇಕಾದರೆ 15 ತಾಸಿನವರೆಗೂ ಹಿಡಿಯಬಹುದು. ಹೀಗೆ ಬೆಳಗಿನ ಲೋಟದ ಕೆಫೀನು ತೀರುವದಕ್ಕೆ ಮುಂಚೆಯೇ ಸಾಯಂಕಾಲದ ಲೋಟವು ಬಂದು ಅದರೊಂದಿಗೆ ಸೇರುತ್ತದೆ.

ಇದರ ಮೇರೆ ಎಷ್ಟು? ದಿನಕ್ಕೆ 300 ಮಿಲಿಗ್ರಾಮಿಗಿಂತ ಹೆಚ್ಚಾಗಿ ಕೆಫೀನನ್ನು ಸೇವಿಸುವ ಗರ್ಭಿಣಿಯರು ಅದನ್ನು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2016ನೆಯ ಇಸವಿಯಲ್ಲಿ ಬುದ್ಧಿ ಹೇಳಿತು. ಗರ್ಭನಷ್ಟವೂ ಕೂಸಿನ ತೂಕದ ಕೊರತೆಯೂ ಕಡಿಮೆಯಾಗಲಿ ಎಂಬದೇ ಇದರ ಉದ್ದೇಶ. ಬ್ರಿಟನ್ ದೇಶದವರು 2008ರಲ್ಲಿಯೇ ಆ ಮೇರೆಯನ್ನು 200 ಮಿಲಿಗ್ರಾಮಿಗೆ ಇಳಿಸಿಕೊಂಡರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಆಹಾರದ ಸೂಚನೆಗಳಲ್ಲಿ, 150 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಸೋಸಿದ ಕಾಫಿಯಾದರೆ 80ರಿಂದ 120 ಮಿಲಿಗ್ರಾಂ, ಬಿಸಿನೀರಿಗೆ ಕಲಸುವ ಪುಡಿಕಾಫಿಯಾದರೆ 50ರಿಂದ 65, ಟೀಯಾದರೆ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆಂದು ಕಾಣಿಸಿದ್ದಾರೆ.

ಈಗ ನಮ್ಮ ಕಡೆಯ ಒಂದು ಮನೆಯ ಲೆಕ್ಕವನ್ನು ನೋಡಿರಿ. ಕಾಫಿಯ ಸೀಮೆಯು ನಮಗೆ ದೂರವಲ್ಲ. ಹೊಸದುರ್ಗದ ಎಲ್ಲೆಯನ್ನು ದಾಟಿದರೆ ಚಿಕ್ಕಮಗಳೂರು ಜಿಲ್ಲೆ, ಅದರಲ್ಲಿ ಬಾಬಾಬುಡನ್ ಗಿರಿ. ಆದಕಾರಣ ಕಾಫಿಯು ಬಡವರ ಮನೆಯನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಸಾಯಂಕಾಲ ಒಂದು. ನಡುವೆ ಹೊಲದಲ್ಲಿ ಮೂರು ಸಾರಿ ಟೀ. ಕಾಫಿಯಿಂದ 160ರಿಂದ 240, ಟೀಯಿಂದ 90ರಿಂದ 195. ಕೂಡಿಸಿದರೆ 250ರಿಂದ 435 ಮಿಲಿಗ್ರಾಂ. ತಾನು ಮಿತಿ ಮೀರಿದ್ದೇನೆಂದು ಕನಸಿನಲ್ಲಿಯೂ ಎಣಿಸದ ಹೆಂಗಸು ಹೀಗೆ ಮಿತಿಯನ್ನು ಮೀರಿರಬಹುದು. ಒಂದೆರಡು ಲೋಟಗಳಲ್ಲಿ ನಿಲ್ಲಿಸಿದವಳಾದರೋ ಭಯಪಡಬೇಕಾದದ್ದಿಲ್ಲ.

ಹಾಗಾದರೆ ಆ ಅತ್ತೆಯ ಮಾತು ನಿಜವೋ? ಅಲ್ಲವೆಂದೇ ಹೇಳುತ್ತೇನೆ. ಹೇಗಂದರೆ, ಬಹುಮಂದಿ ಸ್ತ್ರೀಯರನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಹೆಚ್ಚಾಗಿ ಕಾಫಿ ಕುಡಿಯುವವರಲ್ಲಿ ಗರ್ಭನಷ್ಟವು ಹೆಚ್ಚಾಗಿ ಕಂಡದ್ದುಂಟು. ಆದರೆ ಗರ್ಭವು ಚೆನ್ನಾಗಿ ನಿಂತಾಗ ಅನೇಕ ಸ್ತ್ರೀಯರಿಗೆ ವಾಕರಿಕೆಯುಂಟಾಗಿ ಕಾಫಿಯು ತಾನಾಗಿಯೇ ಬೇಡವಾಗುತ್ತದೆ. ಗರ್ಭವು ಬಲಹೀನವಾದಾಗ ವಾಕರಿಕೆಯು ಕಡಿಮೆಯಾಗಿ ಆಕೆಯು ಎಂದಿನಂತೆ ಕುಡಿಯುತ್ತಿರಬಹುದು. ಆಗ ಕಾರಣ ಯಾವದು, ಗುರುತು ಯಾವದು ಎಂದು ಬೇರ್ಪಡಿಸುವದು ಪಂಡಿತರಿಗೂ ಕಷ್ಟ. ಇದಲ್ಲದೆ ಮೊದಲಿನ ತಿಂಗಳುಗಳಲ್ಲಿ ಇಳಿದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧವು, ಬೀಜವು ಕೂಡುವಾಗಲೇ ವರ್ಣತಂತುಗಳಲ್ಲಿ ಬಿದ್ದ ತಪ್ಪಿನಿಂದ ಹಾಗಾಗುತ್ತವೆ. ಅದರಲ್ಲಿ ತಾಯಿಯದು ಯಾವ ಅಪರಾಧವೂ ಇಲ್ಲ. ಸಾವಿರ ಮಂದಿಯ ಲೆಕ್ಕದಿಂದ ಎಲ್ಲರಿಗೂ ಎಚ್ಚರಿಕೆ ಹೇಳಬಹುದು. ಅದೇ ಲೆಕ್ಕವನ್ನು ಹಿಡಿದು ಒಬ್ಬಳ ಮೇಲೆ ತೀರ್ಪು ಹೇಳಕೂಡದು. ಟೀ ಕುಡಿದರೆ ಕೂಸು ಕಪ್ಪಗೆ ಹುಟ್ಟುತ್ತದೆಂಬ ಮಾತಂತೂ ಬರೀ ಸುಳ್ಳು. ಕೂಸಿನ ಬಣ್ಣವು ತಾಯಿತಂದೆಗಳಿಂದ ಬರುತ್ತದೆಯೇ ಹೊರತು ಲೋಟದಿಂದ ಬರುವದಿಲ್ಲ.

ಇನ್ನು ಧರ್ಮದ ಪ್ರಶ್ನೆಗೆ ಬರೋಣ. ಬೇಡವೆನ್ನುವ ಬಾಯಿ ಇಲ್ಲದವನಿಗೆ ನಾವು ಏನನ್ನು ಕೊಡುತ್ತೇವೋ ಅದರಲ್ಲಿ ಎರಡರಷ್ಟು ಎಚ್ಚರಿಕೆ ಬೇಕು. ಅತಿಥಿಯು ತನಗೆ ಸಾಕೆಂದು ಲೋಟದ ಮೇಲೆ ಕೈ ಇಡಬಹುದು; ಗರ್ಭದಲ್ಲಿರುವ ಕೂಸು ಹಾಗೆ ಮಾಡಲಾರದು. ಆದಕಾರಣ ತಾಯಿಯು ತನ್ನ ರುಚಿಯನ್ನು ಕೆಲವು ತಿಂಗಳು ಅಳತೆಯಲ್ಲಿಡುವದು ಯುಕ್ತವೇ. ಈ ಮಟ್ಟಿಗೆ ಎಲ್ಲರೂ ಒಪ್ಪುವರು. ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವು ಅರ್ಧ ಸತ್ಯವನ್ನು ಹೇಳಿದವರಾಗುವೆವು. ಆಕೆಯು ಐದು ಲೋಟ ಯಾಕೆ ಕುಡಿಯುತ್ತಾಳೆಂದು ನಮ್ಮಲ್ಲಿ ಯಾರಾದರೂ ಕೇಳಿದ್ದೇವೋ?

ನಾನು ಹಳ್ಳಿಗಳಿಗೆ ಹೋಗುವಾಗ ಇದನ್ನು ಗಮನಿಸಿದ್ದೇನೆ. ಹೊಳಲ್ಕೆರೆಯ ಕಡೆ ಅಡಿಕೆಯ ಸುಗ್ಗಿಯಲ್ಲಿ ಹೆಂಗಸರು ರಾತ್ರಿಯ ತನಕ ಸುಲಿಯುತ್ತಾ ಕೂತಿರುತ್ತಾರೆ. ನಿದ್ದೆ ಬಾರದಿರಲೆಂದು ಟೀ ಬರುತ್ತದೆ. ಹಿರಿಯೂರಿನ ಮಾರಿಕಣಿವೆಯ ಕಾಲುವೆಯ ಕೆಳಗಿನ ಹೊಲಗಳಲ್ಲಿ ಕಳೆ ಕೀಳುವ ಹೆಂಗಸು ಮನೆಯವರಿಗೆಲ್ಲಾ ಮುದ್ದೆ ಮಾಡಿಟ್ಟು, ತಾನು ಒಂದು ಲೋಟ ಕಾಫಿ ಕುಡಿದು ಹೊರಡುತ್ತಾಳೆ. ಹತ್ತು ಗಂಟೆಗೆ ಹಸಿವು ಕಚ್ಚಿದಾಗ ಅವಳಿಗೆ ಸಿಕ್ಕುವದು ಟೀ. ಟೀಯು ಹಸಿವನ್ನು ಮುಚ್ಚುತ್ತದೆ, ತೀರಿಸುವದಿಲ್ಲ. ಇಂಥವಳಿಗೆ, "ಲೋಟವನ್ನು ಬಿಡು," ಎಂದಷ್ಟೇ ಹೇಳಿ ತಟ್ಟೆಯನ್ನು ಮುಂದಿಡದವನು, ಇನ್ನೊಬ್ಬರ ತಲೆಯ ಮೇಲೆ ಹೊರೆಯನ್ನು ಹೊರಿಸಿ ತಾನು ಕೈ ಹಚ್ಚದವನಂತೆ ಇದ್ದಾನೆ.

ಸಂಸೋನನ ತಾಯಿಯ ಕಥೆಯು ನಿಮಗೆ ಗೊತ್ತು. ಬಸುರಿಯಾದಾಗ ದ್ರಾಕ್ಷಾರಸವನ್ನು ಕುಡಿಯಕೂಡದೆಂಬ ಅಪ್ಪಣೆಯು ಮೊದಲು ಆಕೆಗೇ ಬಂತು. ಆದರೆ ಆಕೆಯ ಗಂಡನಾದ ಮಾನೋಹನು, "ಅದು ನಿನ್ನ ಪಾಡು," ಎಂದು ಸುಮ್ಮನಿರಲಿಲ್ಲ. ಹುಟ್ಟುವ ಕೂಸಿಗೋಸ್ಕರ ತಾವಿಬ್ಬರೂ ಏನು ಮಾಡಬೇಕೆಂದು ತಿಳಿಯುವದಕ್ಕೆ ಬೇಡಿಕೊಂಡನು. ಆ ಅಪ್ಪಣೆಯನ್ನು ತನ್ನ ಕಿವಿಯಿಂದಲೂ ಕೇಳಿದನು. ಪಥ್ಯವು ಹೆಂಡತಿಯದಾದರೂ ಅದನ್ನು ತಿಳಿದು ನಡಿಸುವ ಹೊಣೆಯು ಗಂಡನದೂ ಆಗಿತ್ತು. ನಮ್ಮ ಗಂಡಸರಲ್ಲಿ ಎಷ್ಟು ಮಂದಿ ಹೆಂಡತಿಯ ತಾಯಿಕಾರ್ಡನ್ನು ಬಿಚ್ಚಿ ನೋಡಿದ್ದಾರೆ?

ಇನ್ನೊಂದು ಸಂಗತಿಯುಂಟು, ನಮ್ಮ ಸೀಮೆಗೆ ಇದೇ ಹೆಚ್ಚು ಮುಖ್ಯವಾದದ್ದು. ಟೀಯಲ್ಲಿಯೂ ಕಾಫಿಯಲ್ಲಿಯೂ ಇರುವ ಒಗರು ಪದಾರ್ಥವು ಊಟದಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳದಂತೆ ತಡೆಯುತ್ತದೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇರುವದಾಗಿ ಕಂಡಿತು. ನಮ್ಮ ಚಿತ್ರದುರ್ಗ ಜಿಲ್ಲೆಯ ಗಣಿಗಳಿಂದ ಲಾರಿಗಟ್ಟಲೆ ಕಬ್ಬಿಣದ ಅದಿರು ಹೊರಗೆ ಹೋಗುತ್ತದೆ. ಅದೇ ಬೆಟ್ಟಗಳ ಬುಡದಲ್ಲಿರುವ ಎಷ್ಟೋ ಬಸುರಿಯರ ರಕ್ತದಲ್ಲಿ ಕಬ್ಬಿಣವು ಸಾಲದು. ಸರಕಾರದವರು 180 ದಿನ ನುಂಗುವದಕ್ಕೆ ಕಬ್ಬಿಣದ ಮಾತ್ರೆಗಳನ್ನು ಧರ್ಮಕ್ಕೆ ಕೊಡುತ್ತಾರೆ. ನಾವು ಆ ಮಾತ್ರೆಯನ್ನು ಟೀಯೊಡನೆ ನುಂಗಿಸಿದರೆ ಅದರ ಬಹುಭಾಗವು ವ್ಯರ್ಥವಾಗುವದು. ಊಟಕ್ಕೆ ಮುಂಚೆ ಒಂದು ತಾಸೂ ಊಟವಾದ ಮೇಲೆ ಒಂದು ತಾಸೂ ಕಾಫಿ ಟೀಗಳನ್ನು ಮುಟ್ಟಬಾರದೆಂದು ಹೈದರಾಬಾದಿನ ಆ ಸಂಸ್ಥೆಯವರೇ ಹೇಳಿದ್ದಾರೆ.

ಆದಕಾರಣ ಮನೆಯವರು ಮಾಡತಕ್ಕದ್ದು ಏನಂದರೆ: ಬಸುರಿಯು ಎಲ್ಲರಿಗಿಂತ ಕಡೆಯಲ್ಲಿ ಉಣ್ಣುವ ವಾಡಿಕೆಯನ್ನು ಬಿಟ್ಟು, ಎಲ್ಲರಿಗಿಂತ ಮೊದಲು ಉಣ್ಣಲಿ. ಹೊಲಕ್ಕೆ ಹೋಗುವಾಗ ರಾಗಿಯ ಅಂಬಲಿಯೋ ಮಜ್ಜಿಗೆಯೋ ಆಕೆಯೊಂದಿಗೆ ಹೋಗಲಿ. ಸೊಪ್ಪಿನ ಸಾರಿಗೂ ಹುರುಳಿಯ ಸಾರಿಗೂ ನಿಂಬೆಯ ಹುಳಿಯನ್ನು ಹಿಂಡಲಿ; ಅದರಿಂದ ಕಬ್ಬಿಣದ ಅಂಶವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ಕರ್ನಾಟಕ ಸರಕಾರವು 2017ರ ಅಕ್ಟೋಬರ್ 2ರಂದು ಆರಂಭಿಸಿತು. ಆ ಊಟಕ್ಕೆ ಹೋಗುವದು ಸೊಸೆಗೆ ಅವಮಾನವೆಂದು ತಡೆಯುವ ಅತ್ತೆಯರು ಇನ್ನು ಮೇಲೆ ತಡೆಯದಿರಲಿ. ಬಹಳ ಕಾಲ ಕುಡಿದು ಅಭ್ಯಾಸವಾದವಳು ಒಂದೇ ದಿನದಲ್ಲಿ ಬಿಟ್ಟರೆ ತಲೆನೋವು ಬರುವದು. ಆದದರಿಂದ ಕೆಲವು ದಿನಗಳಿಗೊಂದು ಲೋಟದಂತೆ ಮೆಲ್ಲಗೆ ಕಡಿಮೆ ಮಾಡಲಿ. ನಮ್ಮ ಹಿರಿಯರು ಬಸುರಿಯ ಬಯಕೆಯನ್ನು ತಿರಸ್ಕರಿಸಲಿಲ್ಲ. ಬೆಳಗಿನ ಒಂದು ಲೋಟ ಕಾಫಿಯ ಬಯಕೆಯನ್ನು ನಾವೂ ತಿರಸ್ಕರಿಸಬೇಕಾದದ್ದಿಲ್ಲ.

ಕೆಲವು ವಾರಗಳ ತರುವಾಯ ನಾನು ಆ ಮನೆಗೆ ತಿರಿಗಿ ಹೋದೆನು. ಅತ್ತೆಯೂ ಮಗನೂ ಎದುರಿಗಿರುವಾಗಲೇ ಆ ಸೊಸೆಗೆ, "ತಾಯೀ, ನೀನು ಅಂದು ಕೇಳಿದ ಮಾತಿಗೆ ಉತ್ತರ ತಂದಿದ್ದೇನೆ. ನಿನ್ನ ಕೂಸು ಟೀಯಿಂದ ಹೋಯಿತೆಂದು ಹೇಳುವದಕ್ಕೆ ಲೋಕದಲ್ಲಿ ಯಾವ ವೈದ್ಯನಿಗೂ ಆಧಾರವಿಲ್ಲ," ಅಂದೆನು. ಆಕೆಯು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಬಳಿಕ ನಾನು ಗಂಡನ ಕಡೆಗೆ ತಿರುಗಿ ಮೇಲೆ ಬರೆದ ಲೆಕ್ಕವನ್ನೆಲ್ಲಾ ಹೇಳಿದೆನು. ಅವನು ನೆಲವನ್ನು ನೋಡುತ್ತಾ, "ಇವಳು ಬೆಳಿಗ್ಗೆ ಉಣ್ಣದೆ ಹೋಗುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ, ಅಯ್ಯನವರೇ," ಅಂದನು. ಅತ್ತೆಯು ಏನೂ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಮಜ್ಜಿಗೆ ತಂದು, ಮೊದಲನೆಯ ಲೋಟವನ್ನು ಸೊಸೆಗೆ ಕೊಟ್ಟು ಎರಡನೆಯದನ್ನು ನನಗೆ ಕೊಟ್ಟಳು.

ವಾಚಕರೇ, ನಿಮ್ಮ ಮನೆಯಲ್ಲಿ ಬಸುರಿಯಾದ ಮಗಳಾಗಲಿ ಸೊಸೆಯಾಗಲಿ ಇದ್ದರೆ, ಆಕೆಯು ಎಷ್ಟು ಲೋಟ ಕುಡಿದಳೆಂದು ಎಣಿಸುವದಕ್ಕೆ ಮುಂಚೆ, ಈ ಹೊತ್ತು ಆಕೆಯು ಉಂಡಳೋ ಎಂದು ಕೇಳಿರಿ.