ಪಾತ್ರಾಪಾತ್ರ ವಿಚಾರ

ಪಾತ್ರವನ್ನರಿತು ದಾನಮಾಡಬೇಕೆಂಬುದು ಬಹು ಹಳೆಯ ಮಾತು. ದೇಶ, ಕಾಲ, ಪಾತ್ರ ಈ ಮೂರನ್ನೂ ನೋಡಿ, ಮರಳಿ ಉಪಕಾರವನ್ನು ಬಯಸದೆ ಕೊಟ್ಟುದೇ ಸಾತ್ತ್ವಿಕ ದಾನವೆಂದು ಗೀತೆಯ ಹದಿನೇಳನೆಯ ಅಧ್ಯಾಯವು ಹೇಳುವುದು. ಅಪಾತ್ರರಿಗೆ ಕೊಟ್ಟುದು ತಾಮಸವೆಂದೂ ಅಲ್ಲಿಯೇ ಹೇಳಿದೆ. ಈ ಮಾತು ಈಗ ಪುರಾಣಶ್ರವಣದ ಜಗಲಿಯಿಂದಿಳಿದು ಗ್ರಾಮಸಭೆಯನ್ನು ಸೇರಿದೆ. ಸರಕಾರವು ಬಡವರಿಗೆ ಮನೆ ಕಟ್ಟಿಕೊಳ್ಳಲು ಹಣ ಕೊಡುವಾಗಲೂ, ಪಡಿತರದ ಅಕ್ಕಿಯನ್ನು ಹಂಚುವಾಗಲೂ, ವೃದ್ಧರಿಗೆ ವಿಧವೆಯರಿಗೆ ಮಾಸಾಶನವನ್ನು ಗೊತ್ತುಮಾಡುವಾಗಲೂ 'ಇವನು ಇದಕ್ಕೆ ಯೋಗ್ಯನೆ?' ಎಂಬ ಪ್ರಶ್ನೆಯೇ ಎಲ್ಲರ ಬಾಯಲ್ಲಿ ಮೊದಲು ಬರುವುದು. ಪಡೆಯುವವನಿಗೆ ಕಚೇರಿಯಲ್ಲಿಟ್ಟ ಹೆಸರು 'ಫಲಾನುಭವಿ' ಎಂದು. ತಾನು ಮಾಡಿದ ಕರ್ಮದ ಫಲವನ್ನು ತಾನುಣ್ಣುವವನೆಂಬ ಅರ್ಥ ಆ ಶಬ್ದದಲ್ಲಿ ಅಡಗಿರುವುದರಿಂದ, ಪುಣ್ಯವಿಲ್ಲದವನಿಗೆ ಮನೆಯೇಕೆಂಬ ಭಾವನೆಯು ಅರಿವಿಲ್ಲದೆಯೇ ಮನಸ್ಸಿನಲ್ಲಿ ಬೇರೂರುವುದು. ಈ ಯೋಗ್ಯತೆಯೆಂಬುದು ಏನು, ಅದನ್ನು ಅಳೆಯುವ ಅಧಿಕಾರ ಯಾರಿಗುಂಟು ಎಂಬುದು ವಿಚಾರಾರ್ಹವಾದ ವಿಷಯ.

ಕೋಟೇಶ್ವರದ ಜನರು ಇದರಲ್ಲಿ ಎರಡು ಬಗೆಯ ಅಳತೆಗಳನ್ನು ಕಂಡವರು. ಶ್ರೀ ಕೋಟಿಲಿಂಗೇಶ್ವರನ ರಥೋತ್ಸವದ ಕಾಲದಲ್ಲಿ, ಎಂದರೆ ಕೊಡಿಹಬ್ಬದಲ್ಲಿ, ಕೋಟಿತೀರ್ಥದ ಸುತ್ತಲೂ ಬಡವರು ಬಟ್ಟೆಯನ್ನು ಹಾಸಿಕೊಂಡು ಸಾಲಾಗಿ ಕುಳಿತಿರುವರು. ಭಕ್ತರು ಕೆರೆಗೆ ಸುತ್ತುಬರುತ್ತ ಆ ಬಟ್ಟೆಗಳ ಮೇಲೆ ಅಕ್ಕಿಯನ್ನು ಹಾಕುತ್ತ ಹೋಗುವರು. ಇದಕ್ಕೆ ಸುತ್ತಕ್ಕಿ ಸೇವೆಯೆಂದು ಹೆಸರು. ಕೊಡುವವನು ಯಾರ ಕುಲವನ್ನೂ ನಡತೆಯನ್ನೂ ಕೇಳುವುದಿಲ್ಲ. ನಿಂತು ಕೇಳತೊಡಗಿದರೆ ಸುತ್ತು ಮುಗಿಯುವಂತೆಯೂ ಇಲ್ಲ. ಅದೇ ಭಕ್ತನು ಇನ್ನೊಂದು ದಿನ ಗ್ರಾಮಸಭೆಯಲ್ಲಿ ಮನೆಗಳ ಪಟ್ಟಿಯನ್ನು ಓದುವಾಗ ಮಾತ್ರ 'ಆತನಿಗೆ ಕುಡಿತವುಂಟು', 'ಆಕೆಯ ಮಗ ಬೆಂಗಳೂರಿನ ಹೋಟೆಲಿನಲ್ಲಿದ್ದಾನೆ' ಎಂದು ಎದ್ದುನಿಲ್ಲುವನು. ಒಂದು ಹಿಡಿ ಅಕ್ಕಿಗೆ ಬೇಡವಾದ ಪರೀಕ್ಷೆಯು ಒಂದು ಮನೆಗೆ ಬೇಕಾಗುವುದು ಸಹಜವೇ. ಅಕ್ಕಿ ಆ ದಿನದ್ದು, ಮನೆ ತಲೆಮಾರಿನದು; ಅಕ್ಕಿ ತನ್ನದು, ಮನೆ ಎಲ್ಲರ ಹಣದ್ದು. ಆದರೆ ಈ ಎರಡನೆಯ ಕಾರಣವನ್ನೇ ಸ್ವಲ್ಪ ಬಿಡಿಸಿ ನೋಡಿದರೆ ವಾದವು ತಿರುಗಿಬೀಳುವುದು.

ತನ್ನ ಸ್ವತ್ತಿನಲ್ಲಿ ತನಗಿರುವ ಒಡೆತನವನ್ನು ತೊರೆದು ಇನ್ನೊಬ್ಬನ ಒಡೆತನವನ್ನು ಉಂಟುಮಾಡುವುದೇ ದಾನವೆಂದು ಶಾಸ್ತ್ರಕಾರರ ಲಕ್ಷಣ. ತನ್ನದಲ್ಲದುದನ್ನು ದಾನಮಾಡುವುದು ಸಾಧ್ಯವಿಲ್ಲ. ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ಕೊಡಬೇಕೆಂಬ ವಿಧಿಯಿದ್ದರೂ ಭೂಮಿಯನ್ನು ಕೊಡತಕ್ಕದ್ದಲ್ಲ, ಏಕೆಂದರೆ ಅದು ಎಲ್ಲರಿಗೂ ಸಮಾನವಾದುದು ಎಂದು ಜೈಮಿನಿಯ ಮೀಮಾಂಸೆಯು ನಿರ್ಣಯಿಸಿತು. ಸರಕಾರದ ಬೊಕ್ಕಸವೂ ಅಂತಹುದೇ. ಅದು ಮಂತ್ರಿಯದಲ್ಲ, ಅಧಿಕಾರಿಯದಲ್ಲ, ವರಮಾನ ತೆರಿಗೆ ಕೊಡುವವನೊಬ್ಬನದೂ ಅಲ್ಲ. ಸಾಬೂನನ್ನೂ ಬೆಂಕಿಪೆಟ್ಟಿಗೆಯನ್ನೂ ಕೊಂಡು ಅದರ ಬೆಲೆಯೊಡನೆ ತೆರಿಗೆಯನ್ನೂ ತೆತ್ತ ಕೂಲಿ ಹೆಂಗಸಿನದೂ ಹೌದು. ಹೀಗಿರಲು ಅದರಿಂದ ಕೊಟ್ಟುದು ದಾನವಲ್ಲ. ದಾನವಲ್ಲದ ಮೇಲೆ ದಾನಕ್ಕೆ ಹೇಳಿದ ಪಾತ್ರಪರೀಕ್ಷೆಯು ಅದಕ್ಕೆ ಹೇಗೆ ಸಲ್ಲುವುದು?

ಹಾಗಾದರೆ ಅದು ಏನು? ಈ ಸೀಮೆಯ ಹಳೆಯ ಕುಟುಂಬಪದ್ಧತಿಯಲ್ಲಿಯೇ ಇದಕ್ಕೆ ಹತ್ತಿರದ ಹೋಲಿಕೆಯೊಂದಿದೆ. ಅಳಿಯಸಂತಾನದ ಅವಿಭಕ್ತ ಕುಟುಂಬದಲ್ಲಿ ಯಜಮಾನನು ಆಸ್ತಿಯನ್ನು ನೋಡಿಕೊಳ್ಳತಕ್ಕವನೇ ಹೊರತು ಅದರ ಏಕಮಾತ್ರ ಒಡೆಯನಲ್ಲ. ಕುಟುಂಬದ ಪ್ರತಿಯೊಬ್ಬನಿಗೂ ಆ ಆಸ್ತಿಯಿಂದ ಜೀವನಾಂಶವನ್ನು ಪಡೆಯುವ ಹಕ್ಕಿತ್ತು. ಸೋಮಾರಿಯಾದ ಅಳಿಯನನ್ನು ಅಂಗಳದಲ್ಲಿ ನಿಲ್ಲಿಸಿ ಬೈದ ಯಜಮಾನರು ಬೇಕಾದಷ್ಟು ಮಂದಿ. ಆದರೆ ಊಟದ ಹೊತ್ತಿಗೆ ಅವನ ಎಲೆಯನ್ನು ಹಾಕದೆ ಬಿಟ್ಟರೆ ಅದು ಯಜಮಾನಿಕೆಗೇ ಕುಂದೆಂದು ಎಣಿಸಲ್ಪಡುತ್ತಿತ್ತು. ಬೈಗಳು ನಡತೆಗೆ, ಎಲೆಯು ಹಸಿವೆಗೆ. ಇವೆರಡನ್ನೂ ಬೇರೆಬೇರೆಯಾಗಿ ಇಡಬಲ್ಲ ವಿವೇಕವು ಹಿಂದಿನವರಿಗಿತ್ತು. ಆ ಕಟ್ಟಿನಲ್ಲಿಯೂ ಅನ್ಯಾಯಗಳಿದ್ದುವು, ಕುಟುಂಬದ ಹೊರಗಿನ ಆಳಿಗೆ ಈ ಹಕ್ಕು ಇರಲಿಲ್ಲವೆಂಬುದು ನಿಜ. ಆ ಹಕ್ಕನ್ನು ಕುಟುಂಬದಿಂದ ನಾಡಿಗೆ ವಿಸ್ತರಿಸುವುದೇ ಪ್ರಜಾರಾಜ್ಯದ ಕೆಲಸ.

ಹೊರಗಿನ ಆಳಿನ ಮಾತು ಬಂದುದರಿಂದ ಒಂದು ಶಬ್ದವನ್ನು ಇಲ್ಲಿ ನೋಡಬೇಕು. 2013ರಲ್ಲಿ ಅನ್ನಭಾಗ್ಯವು ಜಾರಿಗೆ ಬಂದಾಗಲೂ, 2023ರಲ್ಲಿ ಸ್ತ್ರೀಯರಿಗೆ ಶಕ್ತಿ, ಗೃಹಲಕ್ಷ್ಮಿ ಯೋಜನೆಗಳು ಬಂದಾಗಲೂ ಅವನ್ನು ಹಳಿಯುವವರು 'ಬಿಟ್ಟಿ ಭಾಗ್ಯ'ವೆಂದು ಕರೆದರು. ಬಿಟ್ಟಿಯೆಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಕೂಲಿ ಕೊಡದೆ ಬಲಾತ್ಕಾರದಿಂದ ದುಡಿಸಿಕೊಳ್ಳುವುದೇ ಅದರ ಮೂಲಾರ್ಥ. ಪ್ರಾಚೀನ ಶಾಸನಗಳಲ್ಲಿ ಪ್ರಜೆಗಳು ಸಲ್ಲಿಸಬೇಕಾಗಿದ್ದ ಕಟ್ಟಳೆಗಳೊಡನೆ ಬಿಟ್ಟಿಯೂ ಬರುವುದು. ದಕ್ಷಿಣ ಕನ್ನಡದ ಗದ್ದೆಗಳಲ್ಲಿ ಮೂಲದಾಳುಗಳೆಂಬವರು ತಲೆಮಾರುಗಳ ಕಾಲ ಧಣಿಯ ಭೂಮಿಗೆ ಕಟ್ಟುಬಿದ್ದು ದುಡಿದರು. ಜೀತಪದ್ಧತಿಯನ್ನು ನಿರ್ಮೂಲಮಾಡುವ ಕಾನೂನು ಬಂದುದು 1976ರಲ್ಲಿ. ಕೊರಗರಿಂದ ಅಜಲು ಸೇವೆಯನ್ನು ಮಾಡಿಸಿಕೊಳ್ಳುವುದು ಅಪರಾಧವೆಂದು ಕರ್ನಾಟಕವು ವಿಧಿಸಿದ್ದು 2000ದ ಕಾನೂನಿನಿಂದ. ಉಳ್ಳವನು ಇಲ್ಲದವನಿಂದ ಪುಕ್ಕಟೆಯಾಗಿ ಕಸಿದುಕೊಂಡುದರ ಹೆಸರು ಇಂದು ಇಲ್ಲದವನು ಪಡೆಯುವ ಹತ್ತು ಸೇರು ಅಕ್ಕಿಗೆ ಅಂಟಿಕೊಂಡಿದೆ. ಮೊದಲಿನ ಬಿಟ್ಟಿಯ ಲೆಕ್ಕವನ್ನು ಯಾರೂ ಇಟ್ಟಿಲ್ಲ; ಎರಡನೆಯದರ ಲೆಕ್ಕವು ಮಾತ್ರ ನಾಲಗೆಯ ತುದಿಯಲ್ಲಿದೆ.

ಯೋಗ್ಯತೆಯನ್ನು ಗೊತ್ತುಮಾಡುವ ನಿಯಮಗಳೂ ಸ್ಥಿರವಾದುವಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲಿಗೆ ಭೂಮಿಯ ಹಕ್ಕು ಬಂದಿತು. ಅದಕ್ಕೆ ಹಿಂದಿನ ದಿನದವರೆಗೆ ಅದೇ ಒಕ್ಕಲು ಗೇಣಿ ತಪ್ಪಿದರೆ ಎಬ್ಬಿಸಲ್ಪಡತಕ್ಕವನಾಗಿದ್ದನು. ಅವನ ಕೈಯ ಬಲ, ಬೇಸಾಯದ ಅರಿವು, ಗುಣಾವಗುಣಗಳು ಒಂದು ರಾತ್ರಿಯಲ್ಲಿ ಮಾರ್ಪಡಲಿಲ್ಲ, ಮಾರ್ಪಟ್ಟುದು ಕಾನೂನು. ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು 2016ರಲ್ಲಿ ಆರಂಭವಾದಾಗ ಮನೆಗೆ ಅನರ್ಹರೆಂದು ತಳ್ಳಲು ಹದಿಮೂರು ಲಕ್ಷಣಗಳನ್ನು ಹೇಳಲಾಗಿತ್ತು. ಮೋಟಾರು ಇರುವ ದ್ವಿಚಕ್ರ ವಾಹನ ಅಥವಾ ಮೀನುಗಾರಿಕೆಯ ದೋಣಿ ಇರುವುದು, ಮನೆಯ ಒಬ್ಬನ ಸಂಪಾದನೆ ತಿಂಗಳಿಗೆ 10,000 ರೂಪಾಯಿಗಳನ್ನು ಮೀರುವುದು ಇವು ಅವುಗಳಲ್ಲಿ ಸೇರಿದ್ದುವು. ಸಾಲಮಾಡಿ ದೋಣಿಗೆ ಯಂತ್ರವನ್ನು ಕೂಡಿಸಿದ ಮೀನುಗಾರನು ಕಡಲಿಗೆ ಹೋಗುವುದು ಆ ಯಂತ್ರದಿಂದ. ಮಲಗುವುದು ಸೋರುವ ಮಾಡಿನ ಕೆಳಗೆ. ಆದರೂ ನಿಯಮದ ದೃಷ್ಟಿಯಲ್ಲಿ ಅವನು ಅಪಾತ್ರನು. 2024ರಲ್ಲಿ ಯೋಜನೆಯ ಎರಡನೆಯ ಘಟ್ಟಕ್ಕಾಗಿ ಆ ಲಕ್ಷಣಗಳನ್ನು ಹತ್ತಕ್ಕಿಳಿಸಿ, ದ್ವಿಚಕ್ರ ವಾಹನ, ದೋಣಿಗಳ ತಡೆಯನ್ನು ತೆಗೆದು, ಸಂಪಾದನೆಯ ಮಿತಿಯನ್ನು 15,000 ರೂಪಾಯಿಗಳಿಗೆ ಏರಿಸಲಾಯಿತು. ಎಂಟು ವರುಷ ಅಪಾತ್ರನೆನಿಸಿದವನು ಹೀಗೆ ಪಾತ್ರನಾದನು. ಆ ಎಂಟು ಮಳೆಗಾಲಗಳಲ್ಲಿ ಅವನ ಮೇಲೆ ಹೊರಿಸಿದ್ದ ಅಯೋಗ್ಯತೆ ಅವನಲ್ಲಿರಲಿಲ್ಲ, ಕಾಗದದಲ್ಲಿತ್ತು ಎಂಬುದು ಇದರಿಂದ ಸ್ಪಷ್ಟವಾಗುವುದು.

ಇಲ್ಲಿ ಪೂರ್ವಪಕ್ಷದವರ ಅತ್ಯಂತ ಬಲವಾದ ಮಾತನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಒಂದೇ ಕೇರಿಯಲ್ಲಿ ಎರಡು ಮನೆಗಳೆಂದು ಭಾವಿಸೋಣ. ಒಂದರ ಹೆಂಗಸು ಹತ್ತು ವರುಷ ಬೀಡಿ ಕಟ್ಟಿ, ಸಂಘದಲ್ಲಿ ಸಾಲವೆತ್ತಿ, ಹೊಟ್ಟೆಬಟ್ಟೆಯನ್ನು ಬಿಗಿಹಿಡಿದು ಹಂಚಿನ ಮಾಡನ್ನು ಹಾಕಿಸಿದಳು. ಸಾಲದ ಕಂತು ಇನ್ನೂ ತೀರಿಲ್ಲ. ಪಕ್ಕದ ಮನೆಯವನು ಕೂಲಿಯ ಹಣವನ್ನು ಕುಡಿತಕ್ಕೆ ಸುರಿದನು; ಅವನ ಮಾಡು ಕುಸಿಯಿತು. ಪಟ್ಟಿ ಬಂದಾಗ ಅವನಿಗೆ ಮನೆ ದೊರೆತು ಅವಳಿಗೆ ಏನೂ ದೊರೆಯಲಿಲ್ಲ. ದುಡಿದು ಉಳಿಸಿದ್ದೇ ತಪ್ಪಾಯಿತೆ ಎಂದು ಅವಳು ಕೇಳಿದರೆ ಆ ಪ್ರಶ್ನೆಯು ಹೊಟ್ಟೆಕಿಚ್ಚಿನದಲ್ಲ. ಮಿತವ್ಯಯಕ್ಕೆ ದಂಡ, ದುಂದಿಗೆ ಬಹುಮಾನ ಎಂಬಂತೆ ಕಾಣುವ ವ್ಯವಸ್ಥೆಯನ್ನು ಯಾವ ಊರೂ ಬಹುಕಾಲ ಗೌರವಿಸಲಾರದು.

ಈ ನೋವು ನಿಜವಾದುದೇ; ಆದರೆ ಅದಕ್ಕೆ ಮದ್ದು ಯಾವುದು? ಕುಡುಕನ ಮನೆಯನ್ನು ಹಿಂದಕ್ಕೆ ತೆಗೆದುಕೊಂಡರೆ ಬೀಡಿ ಕಟ್ಟುವವಳ ಸಾಲದಲ್ಲಿ ಒಂದು ಕಾಸೂ ಕಡಿಮೆಯಾಗದು. ಅವನ ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ತಾಯಿ ಮಾತ್ರ ಆಷಾಢದ ಮಳೆಗೆ ಸಿಕ್ಕುವರು. ವರುಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಮಾಡಿಲ್ಲದಿರುವುದೆಂದರೆ ಏನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಮನೆಯ ಯಜಮಾನನ ದೋಷಕ್ಕೆ ಮನೆಮಂದಿಯನ್ನೆಲ್ಲ ದಂಡಿಸುವುದನ್ನು ಯಾವ ನ್ಯಾಯಾಲಯವೂ ಒಪ್ಪದು. ಗ್ರಾಮಸಭೆಯು ಏಕೆ ಒಪ್ಪಬೇಕು? ಆ ಮನೆಯ ಹಕ್ಕುಪತ್ರವನ್ನು ಹೆಂಡತಿಯ ಹೆಸರಿಗೆ ಮಾಡುವುದು, ಬೀಡಿ ಕಟ್ಟುವವಳ ಸಾಲದ ಬಡ್ಡಿಯನ್ನು ಇಳಿಸುವುದು, ಇವು ಮದ್ದುಗಳು. ಅವಳಿಗೂ ಏನಾದರೂ ಸಿಕ್ಕಬೇಕೆನ್ನುವುದು ನ್ಯಾಯದ ಕೂಗು. ಅವನಿಗೆ ಸಿಕ್ಕಬಾರದೆನ್ನುವುದು ಆ ಕೂಗನ್ನು ದಾರಿತಪ್ಪಿಸಿದವರ ಮಾತು. ಇಷ್ಟಾದರೂ ಅವಳ ಮನಸ್ಸಿನ ಕಹಿಯು ಪೂರ್ತಿಯಾಗಿ ಹೋಗದಿರಬಹುದು. ಅಗತ್ಯವನ್ನು ನೋಡಿ ಕೊಡುವ ಪದ್ಧತಿಗೆ ಆ ಬೆಲೆಯುಂಟೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ.

ಪುಕ್ಕಟೆ ಅಕ್ಕಿಯಿಂದ ಜನರು ಸೋಮಾರಿಗಳಾದರು, ನಾಟಿಗೂ ಕೊಯ್ಲಿಗೂ ಆಳು ಸಿಕ್ಕುವುದಿಲ್ಲವೆಂಬ ದೂರು ಇನ್ನೊಂದು. ಹಸಿದವನು ಕೊಟ್ಟ ಕೂಲಿಗೆ ಬರುವನು. ಮನೆಯಲ್ಲಿ ಅಕ್ಕಿಯಿದ್ದವನು ಕೂಲಿ ಎಷ್ಟೆಂದು ಕೇಳುವನು. ಹೀಗೆ ಕೇಳುವುದನ್ನು ವರ್ತಕನು ಮಾಡಿದರೆ ಜಾಣತನ, ಕೂಲಿಯವನು ಮಾಡಿದರೆ ಸೋಮಾರಿತನ ಎಂದೆಣಿಸುವುದು ನ್ಯಾಯವಾಗದು. ಬೇಸಾಯದಲ್ಲಿ ಹುಟ್ಟುವಳಿ ಸಾಲದೆ ಹೆಚ್ಚು ಕೂಲಿ ಕೊಡಲಾರದ ಸಣ್ಣ ಹಿಡುವಳಿದಾರನ ಕಷ್ಟವೂ ದೊಡ್ಡದೇ. ಆದರೆ ಅವನ ಕಷ್ಟಕ್ಕೆ ಪರಿಹಾರವು ಬೆಳೆಯ ಬೆಲೆಯಲ್ಲಿರಬೇಕೇ ಹೊರತು ಆಳಿನ ಹಸಿವೆಯಲ್ಲಿರಬಾರದು.

ಪರೀಕ್ಷೆಯೇ ಬೇಡವೆಂದು ಇದರ ಅರ್ಥವಲ್ಲ. ಮನೆಗಳು ಕೆಲವು, ಬೇಡುವವರು ಹಲವರು. ಯಾರು ಮೊದಲು ಎಂಬುದನ್ನು ಹೇಗಾದರೂ ನಿಶ್ಚಯಿಸಲೇಬೇಕು. ಅನುಕೂಲಸ್ಥನು ಸುಳ್ಳು ಬರೆಸಿ ಪಟ್ಟಿಯನ್ನು ಹೊಕ್ಕರೆ ಅವನು ಕದಿಯುವುದು ಸರಕಾರದಿಂದಲ್ಲ, ಸಾಲಿನಲ್ಲಿ ಹಿಂದೆ ನಿಂತ ಬಡವನಿಂದ. ಆದುದರಿಂದ ಅಗತ್ಯವನ್ನು ಪರೀಕ್ಷಿಸಬೇಕು, ಗುಣವನ್ನಲ್ಲ. ಪಾತ್ರವೆಂಬ ಶಬ್ದಕ್ಕೆ ಪಾತ್ರೆಯೆಂಬ ಅರ್ಥವೂ ಉಂಟಷ್ಟೆ. ಬರಿದಾಗಿರುವುದೇ ಪಾತ್ರೆಗೆ ತುಂಬಿಸಿಕೊಳ್ಳುವ ಯೋಗ್ಯತೆ. ಮಾಡು ಸೋರುವುದೇ, ಗೋಡೆ ನಿಲ್ಲುವುದೇ, ಮಲಗಲು ಎಡೆಯುಂಟೇ, ನಿವೇಶನವುಂಟೇ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಬಹುದು. ಶೀಲವನ್ನು ತಿಳಿಯಲು ನೆರೆಯವರ ಚಾಡಿಯನ್ನೇ ನಂಬಬೇಕಾಗುವುದು.

ಪರೀಕ್ಷೆಯಲ್ಲಿ ಆಗಬಹುದಾದ ತಪ್ಪುಗಳು ಎರಡು: ಬೇಡದವನಿಗೆ ಕೊಡುವುದು, ಬೇಕಾದವನಿಗೆ ಕೊಡದಿರುವುದು. ಮೊದಲಿನದರಿಂದ ಹಣ ಪೋಲಾಗುವುದು, ಎರಡನೆಯದರಿಂದ ಮನುಷ್ಯನು ಕೆಡುವನು. ಮೊದಲಿನದಕ್ಕೆ ಮಾತ್ರ ಹೆದರಿದ ಆಡಳಿತವು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯುಂಟು. ಇಂಗ್ಲೆಂಡಿನ 1834ರ ಬಡವರ ಕಾನೂನು, ನೆರವು ಪಡೆಯುವವನ ಸ್ಥಿತಿ ಅತಿ ಕೀಳು ಕೂಲಿಯವನ ಸ್ಥಿತಿಗಿಂತಲೂ ಕೆಳಗಿರಬೇಕೆಂಬ ತತ್ತ್ವದ ಮೇಲೆ ನಿಂತಿತು. ಅದೇ ಮನೋಭಾವವು ಈ ಜಿಲ್ಲೆಯೂ ಸೇರಿದ್ದ ಮದರಾಸು ಆಧಿಪತ್ಯಕ್ಕೆ 1876-78ರ ಮಹಾಕ್ಷಾಮದಲ್ಲಿ ಬಂದಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಕ್ಷಾಮದ ಕೆಲಸದಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ, ಒಂದಾಣೆಗೆ ಇಳಿಸಿದನು. ಆ ಆಹಾರದಿಂದ ದುಡಿಯುವ ದೇಹವು ಉಳಿಯದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಪ್ರತಿಭಟಿಸಬೇಕಾಯಿತು. ಅಪಾತ್ರನೊಬ್ಬನು ಉಂಡಾನೆಂಬ ಭಯದಿಂದ ಪಾತ್ರರೆಲ್ಲರ ತುತ್ತನ್ನೂ ಕಿರಿದುಮಾಡುವುದು ಅಂದಿನ ನೀತಿ. ಇದಕ್ಕೆ ಪ್ರತಿಯಾಗಿ 2002ರಿಂದ ಕರ್ನಾಟಕದ ಶಾಲೆಗಳಲ್ಲಿ ನಡೆದು ಬಂದಿರುವ ಅಕ್ಷರ ದಾಸೋಹದಲ್ಲಿ ಯಾವ ಮಗುವಿನ ತಂದೆಯ ನಡತೆಯನ್ನೂ ಕೇಳಿ ಅನ್ನ ಬಡಿಸುವುದಿಲ್ಲ. ಅದರಿಂದ ನಾಡು ಕೆಟ್ಟಿತೆಂದು ಯಾರೂ ಹೇಳಲಾರರು.

ಆದಕಾರಣ ಸಂದೇಹ ಬಂದಲ್ಲಿ ಬಡವನ ಕಡೆಗೆ ವಾಲುವುದೇ ಧರ್ಮ. ಇಲ್ಲವೆಂದು ಹೇಳುವಾಗ ಕಾರಣವನ್ನು ಬರೆದುಕೊಡಬೇಕು. ಅದನ್ನು ಸ್ಥಾಪಿಸುವ ಹೊಣೆ ಕಚೇರಿಯ ಮೇಲಿರಬೇಕು. ಪಟ್ಟಿಯನ್ನು ಸಭೆಯಲ್ಲಿ ಓದುವುದು ಸರಿ, ಬಡವಳನ್ನು ಎಬ್ಬಿಸಿ ನಿಲ್ಲಿಸಿ ಅವಳ ಬಡತನವನ್ನು ಊರಿನೆದುರು ಹೇಳಿಸುವುದು ಸರಿಯಲ್ಲ. ಕುಟುಂಬದ ಹಂಚಿನ ಮನೆಯಲ್ಲಿ ಹೆಸರುಂಟೆಂಬ ಕಾರಣದಿಂದ ಮನೆಯುಳ್ಳವಳೆನಿಸಿ, ಆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಮಕ್ಕಳೊಡನೆ ಇರುವ ವಿಧವೆಯು ತಾನಾಗಿ ಎದ್ದು ಮಾತನಾಡುವವಳಲ್ಲ. ಪಟ್ಟಿಯು ಓದಿ ಮುಗಿದ ಮೇಲೆ 'ಇದರಲ್ಲಿ ಯಾರು ಹೆಚ್ಚಾದರು?' ಎಂದು ಕೇಳುವವರು ಪ್ರತಿಯೊಂದು ಸಭೆಯಲ್ಲಿಯೂ ಇರುವರು. 'ಯಾರು ಬಿಟ್ಟುಹೋದರು?' ಎಂದು ಕೇಳಿ ಆಕೆಯ ಹೆಸರನ್ನು ಹೇಳುವ ಒಬ್ಬನಾದರೂ ಇದ್ದರೆ ಆ ಸಭೆಯು ತನ್ನ ಕೆಲಸವನ್ನು ಮಾಡಿದಂತಾಗುವುದು.