ಭಯೋತ್ಪಾದಕನೋ, ಸ್ವಾತಂತ್ರ್ಯಯೋಧನೋ? – ಶ್ರಾವಕನ ದೃಷ್ಟಿಯಲ್ಲಿ ಒಂದು ವಿಚಾರ

ಒಬ್ಬನನ್ನೇ ಒಂದು ಪಕ್ಷದವರು ಭಯೋತ್ಪಾದಕನೆಂದು ಹಳಿಯುವುದು, ಇನ್ನೊಂದು ಪಕ್ಷದವರು ಸ್ವಾತಂತ್ರ್ಯಯೋಧನೆಂದು ಹಾರ ಹಾಕುವುದು ಲೋಕದಲ್ಲಿ ರೂಢಿಯಾಗಿದೆ. ಭಯೋತ್ಪಾದನೆಯ ವಿರುದ್ಧ ಒಂದು ಸಮಗ್ರ ಒಪ್ಪಂದವಾಗಲಿ ಎಂದು ನಮ್ಮ ದೇಶವು 1996ರಲ್ಲಿ ವಿಶ್ವಸಂಸ್ಥೆಯ ಮುಂದೆ ಕರಡನ್ನಿಟ್ಟಿತು. ಆದರೆ ಆ ಪದದ ಲಕ್ಷಣವೇನೆಂಬುದರಲ್ಲಿಯೇ ರಾಷ್ಟ್ರಗಳಿಗೆ ಒಮ್ಮತವಾಗದೆ, ದಶಕಗಳು ಕಳೆದರೂ ಅದು ಕರಡಾಗಿಯೇ ಉಳಿದಿದೆ. ಶಾಂತಿ ಪಾರಿತೋಷಕವನ್ನು ಪಡೆದ, ರಾಷ್ಟ್ರಾಧ್ಯಕ್ಷರೂ ಆಗಿದ್ದ ನೆಲ್ಸನ್ ಮಂಡೇಲಾ ಅವರ ಹೆಸರು ಅಮೆರಿಕದ ಭಯೋತ್ಪಾದಕರ ಪಟ್ಟಿಯಿಂದ ಹೊರಬರಲು 2008ನೆಯ ಇಸವಿಯೇ ಆಗಬೇಕಾಯಿತು.

ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ಸಮಾಜದ ಕೆಲವು ಮಿತ್ರರು, "ಇದೇ ಅಲ್ಲವೇ ಅನೇಕಾಂತ? ಅವರವರ ದೃಷ್ಟಿಗೆ ಅವರವರು ಸರಿ" ಎಂದು ಹೇಳಿ ಮಾತು ಮುಗಿಸುವುದುಂಟು. ಇದು ಅನೇಕಾಂತವಲ್ಲ, ಅನೇಕಾಂತದ ಹೆಸರಿನಲ್ಲಿ ನಡೆಯುವ ಆಲಸ್ಯ. 'ಸ್ಯಾತ್' ಎಂದರೆ 'ಇದ್ದರೂ ಇರಬಹುದು' ಎಂದಲ್ಲ. 'ಈ ಒಂದು ಅಪೇಕ್ಷೆಯಿಂದ ಹೀಗೆ' ಎಂದು. ವ್ಯಾಪಾರಿಯಾದ ನನಗೆ ಲೆಕ್ಕದ ಪುಸ್ತಕವೇ ಹತ್ತಿರದ ದೃಷ್ಟಾಂತ. ಒಂದು ಗಾಡಿ ಬೆಲ್ಲವನ್ನು ಉದ್ದರಿಗೆ ಮಾರಿದರೆ ಮಾರಿದವನ ಪುಸ್ತಕದಲ್ಲಿ ಕೊಂಡವನ ಹೆಸರಿಗೆ ಖರ್ಚು ಬೀಳುತ್ತದೆ. ಕೊಂಡವನ ಪುಸ್ತಕದಲ್ಲಿ ಮಾರಿದವನ ಹೆಸರಿಗೆ ಜಮಾ ಆಗುತ್ತದೆ. ಎರಡು ಬರಹಗಳೂ ಸತ್ಯವೇ. ಆದರೆ ಗಾಡಿಯಲ್ಲಿ ಹೋದ ಬೆಲ್ಲದ ತೂಕ ಎರಡು ಪುಸ್ತಕಗಳಲ್ಲಿಯೂ ಒಂದೇ ಆಗಿರಬೇಕು. ಹೆಸರು ಪಕ್ಷಕ್ಕೆ ಸೇರಿದ್ದು, ತೂಕವು ಕೃತ್ಯಕ್ಕೆ ಸೇರಿದ್ದು.

ನಮ್ಮ ಪಾಲಹಳ್ಳಿಯಿಂದ ಕೆಲವೇ ಮೈಲಿ ದೂರದ ಶ್ರೀರಂಗಪಟ್ಟಣದ ಕೋಟೆಯಲ್ಲಿ ಇದಕ್ಕೆ ಉತ್ತಮ ನಿದರ್ಶನವಿದೆ. ಟಿಪ್ಪು ಸುಲ್ತಾನರ ವಿಷಯದಲ್ಲಿ ವಾದ ಇನ್ನೂ ಕಾವಿನಲ್ಲಿದೆ. ಅವರ ಜಯಂತಿಯನ್ನು ಸರ್ಕಾರ 2015ರಲ್ಲಿ ಆರಂಭಿಸಿ 2019ರಲ್ಲಿ ನಿಲ್ಲಿಸಿದ್ದನ್ನು ಎಲ್ಲರೂ ಬಲ್ಲರು. ಕಾವಿರುವಲ್ಲಿ ವಿವೇಚನೆ ಕಷ್ಟವಾದುದರಿಂದ ನಾನು ಅದೇ ಕೋಟೆಯ ಸೆರೆಯಾಳೊಬ್ಬನ ಕಡೆಗೆ ವಾಚಕರ ಗಮನ ಸೆಳೆಯುತ್ತೇನೆ. ಅವನು ಧೋಂಡಿಯ ವಾಘ್. ಚನ್ನಗಿರಿಯಲ್ಲಿ ಹುಟ್ಟಿ ಹೈದರಾಲಿಯ ಸೈನ್ಯದಲ್ಲಿ ಸೇವೆಗೈದ ಇವನು, 1792ರ ಯುದ್ಧದ ವೇಳೆಗೆ ಮೈಸೂರಿನ ಸೇವೆಯನ್ನು ಬಿಟ್ಟು ಧಾರವಾಡ ಸೀಮೆಯಲ್ಲಿ ಸುಲಿಗೆಗೆ ತೊಡಗಿದನು. ಟಿಪ್ಪು ಅವನನ್ನು ಮರಳಿ ಕರೆಸಿಕೊಂಡರು. ಅವನ ಧರ್ಮವೂ ಹೆಸರೂ ಬದಲಾದವು. ಆಮೇಲೆ ಸೆರೆಮನೆಯೇ ಗತಿಯಾಯಿತು. 1799ರ ಮೇ 4ರಂದು ಕೋಟೆ ಬಿದ್ದ ಗಲಿಬಿಲಿಯಲ್ಲಿ ಅವನು ಹೊರಬಂದು, ಚದುರಿದ ಮೈಸೂರು ಸೈನಿಕರನ್ನು ಕೂಡಿಸಿ, ಬಿದನೂರು ಮತ್ತು ಶಿಕಾರಿಪುರದ ಸೀಮೆಯನ್ನು ಹಿಡಿದು, ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆದುಕೊಂಡನು. ಕಂಪನಿಯವರು ಅವನನ್ನು ದರೋಡೆಕೋರನೆಂದರು. ಸಿಕ್ಕಿದಲ್ಲಿಯೇ ಮೊದಲ ಮರಕ್ಕೆ ನೇತುಹಾಕತಕ್ಕದ್ದೆಂದು ಮದರಾಸಿನ ಸರ್ಕಾರ ಆರ್ಥರ್ ವೆಲ್ಲೆಸ್ಲಿಗೆ ಅಪ್ಪಣೆ ಕಳುಹಿಸಿತು. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ನಡೆದ ಕಾಳಗದಲ್ಲಿ ಅವನು ಹತನಾದನು. ಈಗ ನಮ್ಮ ಇತಿಹಾಸಗಳಲ್ಲಿ ಅವನು ಕನ್ನಡ ನಾಡಿನ ಆದ್ಯ ಸ್ವಾತಂತ್ರ್ಯಯೋಧರಲ್ಲಿ ಒಬ್ಬ. ಹತ್ತು ವರ್ಷಗಳೊಳಗೆ ಸುಲಿಗೆಗಾರ, ಸರದಾರ, ಸೆರೆಯಾಳು, ರಾಜ, ಮತ್ತೆ ದರೋಡೆಕೋರ. ಸತ್ತ ಮೇಲೆ ದೇಶಭಕ್ತ. ಇವುಗಳಲ್ಲಿ ಯಾವ ಹೆಸರನ್ನು ನಂಬೋಣ?

ದರೋಡೆಕೋರನೆಂದು ಹೆಸರಿಟ್ಟವರ ಪುಸ್ತಕವನ್ನೂ ತೆರೆದು ನೋಡುವುದು ನ್ಯಾಯ. ಶ್ರೀರಂಗಪಟ್ಟಣ ಬಿದ್ದ ರಾತ್ರಿ ಗೆದ್ದ ಸೈನಿಕರು ಊರನ್ನು ಮನೆಮನೆಗೆ ನುಗ್ಗಿ ದೋಚಿದರು. ಅದನ್ನು ನಿಲ್ಲಿಸಲು ಇದೇ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಅರಮನೆಯ ಭಂಡಾರವನ್ನಾದರೋ ದರ್ಜೆಗೆ ತಕ್ಕಂತೆ ಹಂಚಿಕೊಂಡರು. ಸೇನಾಪತಿ ಹ್ಯಾರಿಸನ ಪಾಲಿಗೆ ಬಂದದ್ದು ಒಂದು ಲಕ್ಷ ಪೌಂಡಿಗೂ ಮಿಗಿಲು. ಅದಕ್ಕೆ ಅವರಿಟ್ಟ ಹೆಸರು ಸುಲಿಗೆಯೆಂದಲ್ಲ, ವಿಜಯದ ಬಹುಮಾನವೆಂದು. ರಸೀತಿ ಇದ್ದರೆ ಕಳವು ವ್ಯಾಪಾರವಾಗುವುದೇ? ಆದರೆ ಕಂಪನಿಯ ಪಾಪವನ್ನು ತೋರಿಸಿ ಧೋಂಡಿಯನ ಸುಲಿಗೆಯನ್ನು ತೊಳೆಯಲೂ ಬಾರದು. ಅವನ ಸವಾರರು ನುಗ್ಗಿದ ಪೇಟೆಗಳಲ್ಲಿ ಅಂಗಡಿ ಕಳೆದುಕೊಂಡವರು ಇಂಗ್ಲೆಂಡಿನವರಲ್ಲ, ಕನ್ನಡ ನಾಡಿನ ವರ್ತಕರೇ. ಕಾಳಗದ ತರುವಾಯ ಸಾಮಾನುಗಳ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತಾನೇ ರಕ್ಷಿಸಿ, ದೇಶ ಬಿಡುವಾಗ ಅವನ ಪೋಷಣೆಗೆ ಹಣವಿಟ್ಟು ಹೋದನು. ತಂದೆಯನ್ನು ಬೇಟೆಯಾಡಿದ ಕೈಯೇ ಮಗನನ್ನು ಎತ್ತಿಕೊಂಡಿತು. ಮನುಷ್ಯನಿಗೆ ಒಂದೇ ಹೆಸರು ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕೃತ್ಯದ ತೂಕವನ್ನು ನೋಡುವುದು ಹೇಗೆ? ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಮೊದಲನೆಯದನ್ನು ಸರ್ವಥಾ ಬಿಡಬೇಕು; ಮೈಮೇಲೆ ಬಿದ್ದವನನ್ನು ತಡೆಯುವ ವಿರೋಧಿ ಹಿಂಸೆಯು ಅವನಿಗೆ ಪೂರ್ಣ ನಿಷಿದ್ಧವಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ, ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಖಡ್ಗ ಹಿಡಿದ ಶ್ರಾವಕರೇ. ಆದುದರಿಂದ ಆಯುಧ ಹಿಡಿದವರೆಲ್ಲರೂ ಒಂದೇ ಎನ್ನುವ ಮಾತು ನಮ್ಮ ಪರಂಪರೆಯದಲ್ಲ. ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೊಂದು ಬಾಗಿಲನ್ನೂ ಮುಚ್ಚಿದ್ದಾರೆ. ಒಂದು ಕ್ರೂರ ಜೀವಿಯನ್ನು ಕೊಂದರೆ ಬಹುಜೀವಿಗಳು ಬದುಕುವುವೆಂಬ ಲೆಕ್ಕ ಹಾಕಿ ಕೊಲ್ಲಹೊರಡುವುದು ಸಲ್ಲದೆಂದು ಅವರ ಅಭಿಪ್ರಾಯ. ಇಂದು ಬಾಂಬಿಡುವವನು ಹೇಳುವುದೂ, ಕೆಲವೊಮ್ಮೆ ಅವನನ್ನು ಹುಡುಕಿ ಹೋಗುವವನು ಹೇಳುವುದೂ ಇದೇ ಲೆಕ್ಕವನ್ನು. ಉದ್ದೇಶ ಎಷ್ಟೇ ದೊಡ್ಡದಾಗಲಿ, ತನಗೆ ಅಪಾಯ ಮಾಡದವನನ್ನು ಅಥವಾ ಕೈಸೋತು ನಿಂತವನನ್ನು ಕೊಂದರೆ ಅದು ವಿರೋಧಿ ಹಿಂಸೆಯ ಆಶ್ರಯಕ್ಕೆ ಬರಲಾರದು. ಭರತ ಬಾಹುಬಲಿಗಳ ಮಂತ್ರಿಗಳು ಸೇನೆಗಳನ್ನು ಬದಿಗೆ ಸರಿಸಿ ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಏರ್ಪಡಿಸಿದ್ದು ಈ ಕಾರಣದಿಂದಲೇ. ಅಣ್ಣತಮ್ಮಂದಿರ ಜಗಳಕ್ಕೆ ಕಾಲಾಳುಗಳು ಏಕೆ ಸಾಯಬೇಕು?

ಈ ಅಳತೆಗೋಲನ್ನು ಪರರ ಮೇಲೆ ಹಿಡಿಯುವುದು ಸುಲಭ. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಕಾಡಿನಲ್ಲಿಟ್ಟಾಗ, ಆನೆದಂತ ಮತ್ತು ಗಂಧದ ಕಳ್ಳಸಾಗಣೆಗಾರನ ಬಾಯಲ್ಲಿ ಕಾವೇರಿ ನೀರಿನ, ತಮಿಳು ಜನರ ಹಕ್ಕಿನ ಬೇಡಿಕೆಗಳು ಬಂದವು. ನಾವು ಯಾರೂ ಮೋಸಹೋಗಲಿಲ್ಲ. ನಮ್ಮವರ ಮೇಲೆ ಹಿಡಿಯಬೇಕಾಗಿ ಬಂದಾಗ ಕೈ ನಡುಗುತ್ತದೆ.

ನನ್ನ ಕೈ ನಡುಗುವುದು ಈಸೂರಿನಲ್ಲಿ. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯವರು 1942ರಲ್ಲಿ ವೀರಭದ್ರ ದೇವಾಲಯದ ಮೇಲೆ ಧ್ವಜ ಹಾರಿಸಿ, ತಮ್ಮ ಊರು ಸ್ವತಂತ್ರವೆಂದು ಸಾರಿ, ಎಳೆಯ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರರನ್ನಾಗಿ ನೇಮಿಸಿಕೊಂಡರು. ಇದರಲ್ಲಿ ಹಿಂಸೆಯ ಕಣವೂ ಇಲ್ಲ. ಸೆಪ್ಟೆಂಬರ್ 28ರಂದು ಸರ್ಕಾರದ ನಿಜವಾದ ಅಮಲ್ದಾರರು ಪೊಲೀಸರೊಡನೆ ಬಂದಾಗ ಘರ್ಷಣೆಯಾಗಿ, ಅವರೂ ಸಬ್‌ಇನ್‌ಸ್ಪೆಕ್ಟರರೂ ಜನರ ಕೈಯಲ್ಲಿ ಸತ್ತರು. ಊರಿನ ಮೇಲೆ ಘೋರ ದಮನ ನಡೆಯಿತು. 1943ರ ಮಾರ್ಚ್ ತಿಂಗಳಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು.

ಈಸೂರಿನವರ ಉದ್ದೇಶ ನ್ಯಾಯವಾದುದು, ಅವರ ತ್ಯಾಗ ವಂದನೀಯ. ಘರ್ಷಣೆಯ ಮೊದಲ ಗಳಿಗೆಯಲ್ಲಿ ತಮ್ಮನ್ನು ಕಾಪಾಡಿಕೊಳ್ಳುವ ಅಂಶವಿದ್ದಿತೆಂದು ಒಪ್ಪೋಣ. ಆದರೂ ಗುಂಪಿನ ಕ್ರೋಧವು ಕಷಾಯವೇ, ಮತ್ತು ಕಷಾಯದಿಂದಾದ ಪ್ರಾಣಹರಣವು ಹಿಂಸೆಯೇ. ಇನ್ನು ಸರ್ಕಾರದ ಕಡೆ ನೋಡಿದರೆ, ಅರೆವರ್ಷ ಕಾಲ ಕಾಗದಪತ್ರ ನಡೆಸಿ, ತಿಥಿ ಗೊತ್ತುಮಾಡಿ ಕೊಟ್ಟ ಐದು ಮರಣಗಳಲ್ಲಿ ಆವೇಶದ ನೆಪವೂ ಇಲ್ಲ. ಕಾಯಿದೆಯ ಮೊಹರಿದ್ದ ಮಾತ್ರಕ್ಕೆ ಅದು ಸಂಕಲ್ಪವಲ್ಲವೆಂದು ನಾನು ಹೇಳಲಾರೆ. ಎರಡರಲ್ಲಿ ಇದರ ತೂಕವೇ ಹೆಚ್ಚೆಂದು ನನ್ನ ಮತ.

ಹೋಲಿಕೆಗೆ ನಮ್ಮ ಜಿಲ್ಲೆಯ ಶಿವಪುರವಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಸಹಸ್ರಾರು ಜನ ನಿಷೇಧವನ್ನು ಮೀರಿ ಧ್ವಜ ಹಾರಿಸಿದರು, ನಾಯಕರು ಸೆರೆಗೆ ಹೋದರು. ಎದುರಿನವನ ಮೈಮೇಲೆ ಗೀರೂ ಬೀಳಲಿಲ್ಲ. ಸರ್ಕಾರ ಅವರನ್ನೂ ಅಪರಾಧಿಗಳೆಂದಿತು. ಅಲ್ಲಿ ಮಾತ್ರ ಎರಡು ಹೆಸರುಗಳ ನಡುವಿನ ಗೆರೆ ಮಸುಕಾಗಲೇ ಇಲ್ಲ.

ಪ್ರತಿವರ್ಷ ಆಗಸ್ಟ್ 15ರಂದು ನಮ್ಮ ಬಸದಿಗಳ ಆವರಣದಲ್ಲಿ, ಪಾಠಶಾಲೆಗಳಲ್ಲಿ ಧ್ವಜಾರೋಹಣ ನಡೆಯುತ್ತದೆ. ಭಾಷಣಕಾರರು ಹುತಾತ್ಮರ ಹೆಸರುಗಳನ್ನು ಓದುತ್ತಾರೆ. ವಿಶ್ವಸ್ತ ಮಂಡಲಿಗಳವರಲ್ಲಿ ನನ್ನದೊಂದು ಸೂಚನೆಯಿದೆ. ಈಸೂರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಇವರ ಹೆಸರುಗಳನ್ನು ಮಕ್ಕಳಿಗೆ ತಪ್ಪದೆ ಹೇಳಿ. ಅದರೊಡನೆ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಇವರ ಹೆಸರುಗಳನ್ನೂ ಹೇಳಿ. ಇವರು ಯಾರೆಂದು ಮಕ್ಕಳು ಕೇಳಿದರೆ, ಆ ದಿನ ಸರ್ಕಾರಿ ಕೆಲಸದ ಮೇಲೆ ಹೋಗಿ ಮನೆಗೆ ಮರಳದ ಇಬ್ಬರು ಕನ್ನಡಿಗರೆಂದು ತಿಳಿಸಬಹುದು.